ಹತ್ತನೆಯ ಸಲ

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಎರಡ್ಸಲ ಎಂದೇ ಕರೆಯುತ್ತಿದ್ದರು. ಮೊಬೈಲ್ ಬಿಚ್ಚಿದಾಗ ಸ್ಕ್ರೂಗಳನ್ನು ಎರಡು ಸಲ ಎಣಿಸುತ್ತಿದ್ದಳು, ಬ್ಯಾಟರಿಯನ್ನು ಎರಡು ಸಲ ಅಳೆಯುತ್ತಿದ್ದಳು, ಸಂಜೆ ಶಟರ್ ಎಳೆದು ಹತ್ತು ಹೆಜ್ಜೆ ಹೋದವಳು ವಾಪಸ್ ಬಂದು ಬೀಗ ಜಗ್ಗಿ ನೋಡುತ್ತಿದ್ದಳು. "ನೀನು ಸತ್ತರೂ, ಸರಿಯಾಗಿ ಸತ್ತಿದೀನಾ ಅಂತ ಒಂದ್ಸಲ ಎದ್ದು ನೋಡ್ತೀಯ" ಎಂದು ಮೇಷ್ಟ್ರು ನಗುತ್ತಿದ್ದರು. ಮೇಷ್ಟ್ರು ಎಂದರೆ ಅಂಗಡಿಯ ಯಜಮಾನರು. ಸಂಜೆ ತರಗತಿಯಲ್ಲಿ ಅವಳಿಗೆ ರಿಪೇರಿ ಕೆಲಸ ಕಲಿಸಿ, ಪರೀಕ್ಷೆ ಮುಗಿದ ಮಾರನೆಯ ದಿನವೇ ತಮ್ಮ ಅಂಗಡಿಯಲ್ಲಿ ಒಂದು ಸ್ಟೂಲು ತೋರಿಸಿ ಕೂರಿಸಿದವರು.

ತರಗತಿಯ ಮೊದಲ ದಿನ ಅವರು ಹೇಳಿಕೊಟ್ಟದ್ದು ಬೆಸುಗೆ ಹಾಕುವುದನ್ನಲ್ಲ, ಮುಖ ತಿರುಗಿಸುವುದನ್ನು. ಗಿರಾಕಿ ತನ್ನ ಫೋನಿನ ಕೋಡ್ ಒತ್ತುವಾಗ ರಿಪೇರಿಯವನು ಗೋಡೆಯ ಕಡೆ ನೋಡಬೇಕು. "ಅವರು ನಂಬಿ ಕೊಡೋದು ಫೋನಲ್ಲ, ಮನೇನ" ಎಂದಿದ್ದರು. ಎರಡ್ಸಲ ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಮನೆಯಲ್ಲಿ ಅಣ್ಣನೋ ಅತ್ತಿಗೆಯೋ ಫೋನ್ ತೆರೆಯುವಾಗಲೂ ಅವಳ ಕತ್ತು ತಾನಾಗಿಯೇ ಪಕ್ಕಕ್ಕೆ ಹೊರಳುತ್ತಿತ್ತು.

ಆ ಸೋಮವಾರ ಮಧ್ಯಾಹ್ನ ಅತ್ತಿಗೆ ಅಂಗಡಿಗೆ ಬಂದಾಗ ಕೈಯಲ್ಲಿ ಊಟದ ಡಬ್ಬಿ ಇತ್ತು. ಮುಚ್ಚಳ ತೆಗೆದರೆ ಒಳಗೆ ಅಣ್ಣನ ಫೋನು. ಗಾಜು ಪುಡಿಯಾಗಿತ್ತು, ಒಂದು ಮೂಲೆ ಬಗ್ಗಿತ್ತು, ಸಂದಿಯಲ್ಲೆಲ್ಲ ಒದ್ದೆ ಮರಳು.

"ಇವತ್ತು ಸಿಕ್ತು ಕಣೇ. ಮರಳು ಗುಡ್ಡೆ ಬಗೆದು ಬಗೆದು ತೆಗೆದ್ರಂತೆ" ಎಂದು ಅತ್ತಿಗೆ ಮೇಜಿನ ಅಂಚು ಹಿಡಿದು ನಿಂತಳು. "ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆ. ಇದು ಬಿಟ್ರೆ ನಿಮ್ಮಣ್ಣಂಗೆ ಬೇರೆ ಸಾಕ್ಷಿ ಇಲ್ಲ."

ಅಣ್ಣ ಕ್ರೇನ್ ಆಪರೇಟರ್. ನಲವತ್ತು ಮೀಟರ್ ಎತ್ತರದ ಕ್ಯಾಬಿನ್ನಿನಲ್ಲಿ ಕೂತು ಕಬ್ಬಿಣದ ಕಂತೆಗಳನ್ನು ಎತ್ತಿ ಇಳಿಸುವುದು ಅವನ ಕೆಲಸ. ಹೋದ ವಾರ ಬ್ರೇಕು ಹಿಡಿಯದೆ ಒಂದು ಕಂತೆ ಜಾರಿ, ಕೆಳಗೆ ಹಗ್ಗ ಕಟ್ಟುತ್ತಿದ್ದವನ ಕಾಲಿನ ಮೇಲೆ ಬಿತ್ತು. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕೊಕ್ಕೆ ಎಂದು. ಅಣ್ಣನ ಜೊತೆ ಹದಿಮೂರು ವರ್ಷ ಕೆಲಸ ಮಾಡಿದವನು. ಮಂಡಿಯಿಂದ ಕೆಳಗೆ ಕಾಲು ಉಳಿಯಲಿಲ್ಲ. ಆ ಏಟಿಗೆ ಕ್ಯಾಬಿನ್ ಅದುರಿ, ಕಿಟಕಿಯ ಬಳಿ ಇಟ್ಟಿದ್ದ ಫೋನೂ ಕೆಳಗೆ ಹಾರಿತ್ತು.

ಅಂದು ಬೆಳಿಗ್ಗೆಯೇ ಅಣ್ಣ ಸೈಟಿನ ಇಂಜಿನಿಯರಿಗೆ ಫೋನ್ ಮಾಡಿ, ಬ್ರೇಕು ಒಂದು ಗೇಣು ಜಾರುತ್ತಿದೆ, ಇವತ್ತು ನಡೆಸುವುದಿಲ್ಲ ಎಂದಿದ್ದ. ಇಂಜಿನಿಯರ್, "ಇವತ್ತೊಂದು ದಿನ ತಳ್ಳು ಮಾರಾಯ, ನಾಳೆ ನೋಡೋಣ. ನಿಲ್ಲಿಸಿದ್ರೆ ನಾಳೆಯಿಂದ ಬರಲೇಬೇಡ" ಎಂದಿದ್ದರು. ಅಣ್ಣನ ಫೋನು ಎಲ್ಲ ಕರೆಗಳನ್ನೂ ತಾನಾಗಿಯೇ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಈಗ ಇಂಜಿನಿಯರ್ ಬರೆದುಕೊಟ್ಟ ಹೇಳಿಕೆಯೇ ಬೇರೆ: ಆಪರೇಟರ್ ಬ್ರೇಕಿನ ವಿಷಯ ಹೇಳಲೇ ಇಲ್ಲ, ಬೆಳಿಗ್ಗೆ ಫೋನ್ ಮಾಡಿದ್ದು ರಜೆ ಕೇಳುವುದಕ್ಕೆ.

"ಆನ್ ಆಗತ್ತಲ್ವಾ?" ಎಂದಳು ಅತ್ತಿಗೆ.

"ನೋಡ್ತೀನಿ ಅತ್ತಿಗೆ" ಎಂದಳು ಎರಡ್ಸಲ. ಅಷ್ಟು ಹೇಳುವಷ್ಟರಲ್ಲಿ ಈ ಫೋನಿನ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿದವಳು ತಾನೇ ಎಂಬುದು ಅವಳಿಗೆ ನೆನಪಾಗಿತ್ತು.

ಆರು ತಿಂಗಳ ಹಿಂದೆ ಯಾರೋ ಗಿರಾಕಿಯ ಫೋನು ಕಳುವಾಗಿ, ಅದರಲ್ಲಿದ್ದ ಮನೆಯ ಚಿತ್ರಗಳೆಲ್ಲ ಬೀದಿಪಾಲಾಗಿದ್ದವು. ಆ ಹೆಂಗಸು ಅಂಗಡಿಗೆ ಬಂದು ಅತ್ತದ್ದನ್ನು ನೋಡಿದ ಎರಡ್ಸಲ ಅದೇ ವಾರ ಮನೆಯವರ ಫೋನನ್ನೆಲ್ಲ ಎದುರಿಗೆ ಹಾಕಿಕೊಂಡು ಕೂತಳು. ನಾಲ್ಕಂಕಿಯ ಕೋಡ್ ಸಾಲದು, ಆರಂಕಿ ಬೇಕು ಎಂದಳು. ಹತ್ತು ಸಲ ತಪ್ಪು ಒತ್ತಿದರೆ ಎಲ್ಲ ಅಳಿಸಿಹೋಗುವಂತೆ ಮಾಡಿದಳು. ಇನ್ಯಾರದೋ ಕಂಪ್ಯೂಟರಿನಲ್ಲಿ ನಮ್ಮ ಮನೆಯ ಮಾತು ಯಾಕಿರಬೇಕು ಎಂದು ಬ್ಯಾಕಪ್ಪನ್ನೂ ನಿಲ್ಲಿಸಿದಳು. ಮೂರು ತಿಂಗಳಿಗೊಮ್ಮೆ ಕೋಡ್ ಬದಲಿಸಬೇಕೆಂದು ಕಟ್ಟಪ್ಪಣೆ ಮಾಡಿದಳು. ಅಪಘಾತಕ್ಕೆ ಎರಡು ದಿನ ಮುಂಚೆ ಅಣ್ಣ ಅವಳ ಕಾಟ ತಾಳಲಾರದೆ ಸೋಫಾದಲ್ಲಿ ಪಕ್ಕದಲ್ಲೇ ಕೂತು ಹೊಸ ಕೋಡ್ ಹಾಕಿದ್ದ.

"ಹುಟ್ಟಿದ ತಾರೀಕು ಬೇಡ, ಬೈಕಿನ ನಂಬರ್ ಬೇಡ" ಎಂದಿದ್ದಳು ಅವಳು.

"ಗೊತ್ತು ಕಣೇ ಪುಟ್ಟಿ. ನಮ್ಮಪ್ಪ ಎದ್ದು ಬಂದ್ರೂ ಊಹೆ ಮಾಡಬಾರ್ದು, ಅಂಥದ್ದು ಹಾಕ್ತೀನಿ" ಎಂದಿದ್ದ ಅಣ್ಣ.

ಅವಳು ಗೋಡೆಯ ಕಡೆ ತಿರುಗಿದ್ದಳು. ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಹಿಂದಿನಿಂದ ಅಣ್ಣನ ಹೆಬ್ಬೆರಳು ಗಾಜಿಗೆ ತಾಗುವ ಸಣ್ಣ ಸದ್ದು ಕೇಳಿತ್ತು: ಬೇಗಬೇಗ ಎರಡು, ಸ್ವಲ್ಪ ತಡೆದು ಮೂರು, ಆಮೇಲೆ ಒಂದು. ಖಚಿತಪಡಿಸಿಕೊಳ್ಳಲು ಫೋನು ಮತ್ತೊಮ್ಮೆ ಕೇಳಿತ್ತು. ಮತ್ತೆ ಎರಡು, ಮೂರು, ಒಂದು. ಕ್ಯಾಲೆಂಡರಿನ ಮೇಲೆ ಯಾವ ಬಣ್ಣದಲ್ಲಿ ಏನಿತ್ತು ಎಂಬುದನ್ನು ಅವಳು ಈಗಲೂ ಹೇಳಬಲ್ಲಳು.

ಅತ್ತಿಗೆ ಹೋದ ಮೇಲೆ ಅವಳು ಫೋನನ್ನು ಬಿಚ್ಚಿ ಒಳಗಿನ ಬೋರ್ಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನೋಡಿದವಳೇ ಮೇಷ್ಟ್ರ ಬಳಿ ಹೋಗಿ ನಿಂತಳು.

"ಮೇಷ್ಟ್ರೇ, ಮೆಮೊರಿ ಚಿಪ್ ಎತ್ತಿಬಿಡೋಣ. ನೀವು ಮುಂಚೆ ಎಷ್ಟೊಂದು ಎತ್ತಿದೀರಿ. ಕಾರು ಹತ್ತಿದ ಫೋನಿಂದಾನೂ ಫೋಟೋ ತೆಗೆದುಕೊಟ್ಟಿದೀರಿ."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಆ ಕಾಲ ಹೋಯ್ತಮ್ಮ. ಆಗ ಚಿಪ್ಪಲ್ಲಿ ಇದ್ದದ್ದು ಇದ್ದ ಹಾಗೇ ಇರ್ತಿತ್ತು. ಈಗ ಎತ್ತಿದ್ರೆ ಕೈಗೆ ಬರೋದು ಬರೀ ಹೊಟ್ಟು. ಒಂದು ಕಾಗದವನ್ನ ಸಾಸಿವೆ ಗಾತ್ರಕ್ಕೆ ಹರಿದು ಕಲಸಿಟ್ಟ ಹಾಗೆ. ಜೋಡಿಸೋ ಗುಟ್ಟು ಅರ್ಧ ಇರೋದು ಈ ಪ್ರೊಸೆಸರಲ್ಲಿ, ಅದು ತನ್ನ ಗುಟ್ಟು ಯಾರಿಗೂ ಬಿಟ್ಟುಕೊಡಲ್ಲ. ಇನ್ನರ್ಧ ನಿಮ್ಮಣ್ಣನ ತಲೇಲಿ. ಎರಡೂ ಸೇರಿದ್ರೆ ಮಾತ್ರ ಕಾಗದ."

"ಗೊತ್ತು. ನಾನೇ ಎಲ್ಲರಿಗೂ ಹೇಳ್ತೀನಿ. ಆದ್ರೂ..."

"ಆದ್ರೂ ಅಂತ ಕೈ ಹಾಕಿ ಬಿಸಿ ಗಾಳಿ ಹೆಚ್ಚುಕಡಿಮೆ ಆದ್ರೆ ಪ್ರೊಸೆಸರ್ ಸಾಯತ್ತೆ. ಆಗ ದೇವರೇ ಬಂದು ಕೂತ್ರೂ ಆಗಲ್ಲ. ಚಿಪ್ ಮುಟ್ಟಬೇಡ. ಬೋರ್ಡನ್ನ ಬದುಕಿಸು. ಒಂದು ಗಳಿಗೆ ಉಸಿರಾಡಿದ್ರೆ ಸಾಕು."

ಒಂದು ಗಳಿಗೆಯ ಉಸಿರಿಗಾಗಿ ಅವಳು ಒಂದೂವರೆ ದಿನ ಬಗ್ಗಿ ಕೂತಳು. ಬ್ರಶ್ಶಿನಿಂದ ಮರಳು ತೆಗೆದಳು, ಹಸಿರು ಕಿಲುಬು ಹಿಡಿದಿದ್ದ ಕಡೆ ತೊಳೆದಳು. ಎಲ್ಲಿಯೋ ಕರೆಂಟು ಅಡ್ಡದಾರಿ ಹಿಡಿದು ಸೋರಿಹೋಗುತ್ತಿತ್ತು, ಎಲ್ಲಿ ಎಂಬುದು ಕಾಣುತ್ತಿರಲಿಲ್ಲ. ಬೋರ್ಡಿನ ಮೇಲೆ ತೆಳ್ಳಗೆ ಸ್ಪಿರಿಟ್ ಹಚ್ಚಿ, ಸ್ವಲ್ಪವೇ ಕರೆಂಟು ಕೊಟ್ಟು, ಎಲ್ಲಿ ಮೊದಲು ಒಣಗುತ್ತದೆ ಎಂದು ರೆಪ್ಪೆ ಬಡಿಯದೆ ನೋಡಿದಳು. ರಾಗಿ ಕಾಳಿಗಿಂತ ಸಣ್ಣದೊಂದು ಬಿಡಿಭಾಗದ ಸುತ್ತ ಒಣ ಉಂಗುರ ಮೂಡಿತು. ಅದನ್ನು ಕಿತ್ತು ತೆಗೆದಳು. ಬಿರುಕು ಬಿಟ್ಟಿದ್ದ ಎರಡು ಎಳೆಗಳಿಗೆ ಕೂದಲಿಗಿಂತ ತೆಳ್ಳಗಿನ ತಂತಿ ಕೂರಿಸಿದಳು. ಕಣ್ಣು ಮಂಜಾದಾಗಲೆಲ್ಲ ಎದ್ದು ಹೋಗಿ ಮುಖ ತೊಳೆದು ಬಂದಳು. ಮಂಗಳವಾರ ಮೂರು ಗಂಟೆಗೆ, ಬೇರೆ ಫೋನಿನ ಗಾಜು ಮತ್ತು ಹಳೆಯ ಬ್ಯಾಟರಿ ಜೋಡಿಸಿ, ಗುಂಡಿ ಒತ್ತಿದಳು. ಎರಡು ಸಲ ಒತ್ತಿದಳು. ಗಾಜು ಬೆಳಗಿತು.

ಮೇಷ್ಟ್ರು ಬಂದು ಅವಳ ತಲೆಯ ಮೇಲೆ ಒಂದು ಸಲ ಕೈಯಿಟ್ಟು ಹೋದರು.

ಅಣ್ಣ ಓಡೋಡಿ ಬಂದ. ಬೆವರಿದ ಬೆರಳನ್ನು ಪ್ಯಾಂಟಿಗೆ ಒರೆಸಿ, ಬೆರಳಚ್ಚಿನ ಗುಂಡಿಯ ಮೇಲೆ ಇಟ್ಟ. ಪರದೆಯ ಮೇಲೆ ಒಂದು ಸಾಲು ಬಂತು: ಫೋನ್ ಆರಿ ಮತ್ತೆ ಹೊತ್ತಿಕೊಂಡಿದೆ, ಬೆರಳು ಸಾಲದು, ಕೋಡ್ ಒತ್ತಿ.

"ಒತ್ತು" ಎಂದಳು ಅವಳು. ಎಂದವಳೇ ಗೋಡೆಯ ಕಡೆ ತಿರುಗಿದಳು.

ಹಿಂದೆ ಸದ್ದು ಕೇಳಿಸಿತು. ಆರು. ಆಮೇಲೆ ಗುರ್ ಎಂದು ಫೋನು ನಡುಗಿತು. ಮತ್ತೆ ಆರು, ಮತ್ತೆ ಗುರ್. ಮತ್ತೆ. ಅವಳು ತಿರುಗಿ ನೋಡುವಷ್ಟರಲ್ಲಿ ಅಣ್ಣನ ಹೆಬ್ಬೆರಳು ಐದನೆಯ ಸಲ ಒತ್ತಿ ಮುಗಿಸಿತ್ತು.

"ಬಿಡು ಅಣ್ಣ. ಕೈ ತೆಗಿ" ಎಂದು ಫೋನನ್ನು ಕಿತ್ತುಕೊಂಡಳು.

ಅಣ್ಣ ತನ್ನ ಹೆಬ್ಬೆರಳನ್ನೇ ನೋಡುತ್ತ ನಿಂತ. "ನಾಲ್ಕು... ನಾಲ್ಕೇನೋ ಇತ್ತು ಪುಟ್ಟಿ. ಹಾಕಿದ ದಿನ ಒತ್ತಿದ್ದಷ್ಟೇ. ಆಮೇಲೆಲ್ಲ ಬೆರಳಿಟ್ರೆ ತೆಗೀತಿತ್ತು. ನೆನಪಿಟ್ಕೊಂಡಿದ್ದೆ, ನಿಜವಾಗ್ಲೂ. ಆ ಸದ್ದಾಯ್ತಲ್ಲ, ಕಂತೆ ಬಿದ್ದದ್ದು, ಆಮೇಲೆ ಕೊಕ್ಕೆ ಕೂಗಿದ್ದು... ಅಲ್ಲಿಂದ ಹಿಂದಿಂದೆಲ್ಲ ಯಾರೋ ಒರೆಸಿಬಿಟ್ಟ ಹಾಗಿದೆ."

"ಬರೆದಿಟ್ಟಿಲ್ವಾ?"

"ಬರೆದಿಡಬಾರ್ದು ಅಂದೋಳು ನೀನೇ."

ಅವನು ಚುಚ್ಚಲೆಂದು ಹೇಳಿದ್ದಲ್ಲ. ಅದಕ್ಕೇ ಅದು ಇನ್ನಷ್ಟು ಆಳಕ್ಕೆ ಹೋಯಿತು.

ಅಲ್ಲಿಂದ ಮುಂದೆ ಫೋನು ಒಂದೊಂದು ತಪ್ಪಿಗೂ ಹೆಚ್ಚುಹೆಚ್ಚು ಹೊತ್ತು ಕಾಯಿಸತೊಡಗಿತು. ಅವಳು ಅದನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಮಡಚಿದ ಟವೆಲ್ಲಿನ ಮೇಲೆ ಮಲಗಿಸಿದಳು. ತಂತಿ ಕೂರಿಸಿದ ಜಾಗ ಅಲುಗಬಾರದೆಂದು ಯಾರೂ ಮೇಜಿಗೆ ಮೊಣಕೈ ಊರಬಾರದು ಎಂದಳು. ಮೂವರೂ ಅದರ ಸುತ್ತ ರೋಗಿಯ ಮಂಚದ ಸುತ್ತ ಕೂತವರ ಹಾಗೆ ಕೂತರು. ಅಣ್ಣ ಒಂದು ನೋಟ್‌ಬುಕ್ಕಿನಲ್ಲಿ ಅಂಕಿ ಬರೆದು ಬರೆದು ಹೊಡೆದುಹಾಕಿದ. ಕ್ರೇನಿನ ನಂಬರ್, ಕ್ಯಾಬಿನ್ನಿಗೆ ಹತ್ತುವ ಮೆಟ್ಟಿಲುಗಳ ಲೆಕ್ಕ, ಕಬ್ಬಿಣದ ತೂಕ. ಎರಡ್ಸಲ ತಾನು ಕೇಳಿದ ಸದ್ದನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದಳು. ಎರಡು, ಮೂರು, ಒಂದು.

"ಅಷ್ಟು ಚೆನ್ನಾಗಿ ಕೇಳಿಸ್ಕೊಂಡೆ, ಒಂದು ಸಲ ಓರೆಗಣ್ಣು ಬಿಡೋಕೇನಾಗಿತ್ತೇ ನಿಂಗೆ" ಎಂದಳು ಅತ್ತಿಗೆ. ನಗುತ್ತ ಹೇಳಲು ಹೊರಟ ಮಾತು ನಡುವೆಯೇ ಒಡೆದುಹೋಯಿತು.

ಆರನೆಯದೂ ಏಳನೆಯದೂ ಅಣ್ಣನ ನೋಟ್‌ಬುಕ್ಕಿನಿಂದ ಹೋದವು. ಎಂಟನೆಯದಕ್ಕೆ ಅತ್ತಿಗೆ ಹಟ ಹಿಡಿದಳು. ಮಗಳ ಹುಟ್ಟಿದ ತಾರೀಕನ್ನೇ ತಿರುವುಮುರುವು ಮಾಡಿರುತ್ತಾನೆ, ಇವನ ಬುದ್ಧಿ ನನಗೆ ಗೊತ್ತು ಎಂದಳು. "ಬೇಡ ಅತ್ತಿಗೆ" ಎನ್ನಬೇಕೆಂದುಕೊಂಡ ಎರಡ್ಸಲ ಅತ್ತಿಗೆಯ ಮುಖ ನೋಡಿ ಸುಮ್ಮನಾದಳು. ಫೋನು ಗುರ್ ಎಂದಿತು. ಅತ್ತಿಗೆ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ತುಂಬ ಹೊತ್ತು ಸುಮ್ಮನೆ ಹರಿಯಿತು.

ಬುಧವಾರ ಬೆಳಿಗ್ಗೆ ಅಣ್ಣ ಆಸ್ಪತ್ರೆಗೆ ಹೋಗಿ ಕೊಕ್ಕೆಯನ್ನು ನೋಡಿ ಬಂದ. ಬಂದವನು ಚಪ್ಪಲಿಯನ್ನೂ ಬಿಡದೆ ಮೇಜಿನ ಮುಂದೆ ನಿಂತ.

"ಏನಂದ?" ಎಂದಳು ಅವಳು.

"ಏನೂ ಅನ್ನಲಿಲ್ಲ. 'ಬ್ರೇಕ್ ಹೋಗಿದ್ದು ನಿಂಗೆ ಗೊತ್ತಿತ್ತಾ' ಅಂತ ಕೇಳ್ದ. ಗೊತ್ತಿತ್ತು ಅಂದೆ. 'ಮತ್ತೆ ನಂಗ್ಯಾಕೆ ಹೇಳ್ಲಿಲ್ಲ' ಅಂದ." ಅಣ್ಣ ಫೋನಿನ ಕಡೆ ಬೆರಳು ತೋರಿಸಿದ. "ಅದ್ರಲ್ಲಿರೋದು ಅವನಿಗೆ ಕೇಳಿಸ್ಬೇಕು ಪುಟ್ಟಿ. ಕೆಲಸ ಹೋದ್ರೆ ಹೋಗ್ಲಿ. ನಾನು ಬೇಡ ಅಂದಿದ್ದೆ ಅನ್ನೋದು ಅವನಿಗೊಬ್ಬನಿಗೆ ಕೇಳಿಸ್ಬೇಕು."

ಆ ಬಿಸಿಯಲ್ಲಿಯೇ ಅವನು ಒಂಬತ್ತನೆಯ ಸಲ ಒತ್ತಿದ. ಈ ಸಲ ಅವಳು ನೋಡುತ್ತಲೇ ಇದ್ದಳು. ನೋಡಿ ಏನು ಬಂತು, ತಪ್ಪು ಅಂಕಿ. ಪರದೆಯ ಮೇಲೆ ಹೊಸ ಸಾಲು ಬಂತು: ಇನ್ನು ಒಂದೇ ಅವಕಾಶ ಉಳಿದಿದೆ. ಅದೂ ತಪ್ಪಿದರೆ ಎಲ್ಲವೂ ಅಳಿಸಿಹೋಗುತ್ತದೆ.

ಆ ಸಾಲನ್ನು ಅವಳೇ ಆರಿಸಿಕೊಟ್ಟದ್ದು. ಅದರ ಮುಂದಿನ ಗುಂಡಿಯನ್ನು ಅಂದು ಒತ್ತಿ, ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಪರೀಕ್ಷಿಸಿದ್ದಳು.

ಗುರುವಾರ ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ನೀರಿನ ಬಾಟಲಿಗಳು, ಸದ್ದು ಮಾಡುವ ಒಂದು ಫ್ಯಾನು. ಸುರಕ್ಷತಾ ಇಲಾಖೆಯ ಅಧಿಕಾರಿ ನಡುವಯಸ್ಸಿನ ಹೆಂಗಸು, ಕಾಗದ ತಿರುವುವ ಮುನ್ನ ಬೆರಳನ್ನು ಒದ್ದೆ ಸ್ಪಂಜಿಗೆ ಮುಟ್ಟಿಸುತ್ತಿದ್ದರು. ಎದುರಿಗೆ ಇಂಜಿನಿಯರ್ ಇಸ್ತ್ರಿಯ ಅಂಗಿ ತೊಟ್ಟು ಕೂತಿದ್ದರು. ಎರಡ್ಸಲ ಫೋನನ್ನು ಎರಡೂ ಕೈಯಲ್ಲಿ ಎತ್ತಿ, ತುಂಬಿದ ಲೋಟ ಇಡುವಂತೆ ಮೇಜಿನ ಮೇಲಿಟ್ಟಳು. ಗುಂಡಿ ಒತ್ತಿದಳು. ಗಾಜು ಬೆಳಗಿದ ಕೂಡಲೇ ಇಂಜಿನಿಯರ್ ಕುರ್ಚಿಯಲ್ಲಿ ನೆಟ್ಟಗಾದದ್ದನ್ನು ಅವಳು ಕಂಡಳು. ಅದು ಬದುಕಿರಬಹುದೆಂದು ಅವರು ನೆನೆಸಿಯೇ ಇರಲಿಲ್ಲ.

"ತೆರೆದು ತೋರಿಸಿ" ಎಂದರು ಅಧಿಕಾರಿ.

ಅಣ್ಣ ಫೋನನ್ನು ತನ್ನ ಕಡೆ ಎಳೆದುಕೊಂಡ. ಬೆಳಿಗ್ಗೆ ಬಸ್ಸಿನಲ್ಲಿ, ಎರಡು ಸಂಖ್ಯೆಗಳಿಗೆ ಬಂದು ನಿಂತಿದ್ದೇನೆ, ಕೊನೆಯ ಎರಡು ಅಂಕಿ ಮಾತ್ರ ಹಿಂದೋ ಮುಂದೋ ತಿಳಿಯುತ್ತಿಲ್ಲ ಎಂದಿದ್ದ. ಮೊದಲ ಅಂಕಿ ಒತ್ತಿದ. ಎರಡನೆಯದನ್ನು. ನಾಲ್ಕು ಅಂಕಿಯಾದ ಮೇಲೆ ಹೆಬ್ಬೆರಳು ಗಾಜಿನಿಂದ ಒಂದಿಷ್ಟೇ ಮೇಲೆ ನಿಂತುಬಿಟ್ಟಿತು. ನಲವತ್ತು ಮೀಟರ್ ಎತ್ತರದಲ್ಲಿ ಗಾಳಿಗೆ ಓಲಾಡುವ ಕಂತೆಯನ್ನು ಕೂದಲೆಳೆಯಷ್ಟು ಸರಿಸಿ ಇಡುತ್ತಿದ್ದ ಕೈ ಅದು. ಒತ್ತು ಎನ್ನುವುದೋ ಬೇಡ ಎನ್ನುವುದೋ ಎರಡ್ಸಲಳಿಗೆ ತಿಳಿಯಲಿಲ್ಲ.

ಅಣ್ಣ ಒಂದೊಂದಾಗಿ ನಾಲ್ಕು ಅಂಕಿಯನ್ನೂ ಅಳಿಸಿ, ಫೋನನ್ನು ಮೇಜಿನ ನಡುವಿಗೆ ತಳ್ಳಿದ.

"ನಂಗೆ ನೆನಪಿಲ್ಲ ಮೇಡಂ" ಎಂದ. "ಇದ್ರಲ್ಲಿ ಏನಿದೆ ಅಂತ ನಂಗೆ ಗೊತ್ತು, ಅವರಿಗೂ ಗೊತ್ತು. ತಪ್ಪು ಒತ್ತಿದ್ರೆ ಕೊನೇವರೆಗೂ ನಮ್ಮಿಬ್ಬರಿಗೇ ಗೊತ್ತಿರತ್ತೆ. ಅದಕ್ಕೆ ಒತ್ತಲ್ಲ."

ಇಂಜಿನಿಯರ್ ನಿಧಾನವಾಗಿ ಬೆನ್ನು ಸಡಿಲಿಸಿ ಕೂತರು. "ತೆಗೆಯೋಕೆ ಬರಲ್ಲ ಅಂದ್ರೆ ಏನೂ ಇಲ್ಲ ಅಂತಲೇ ಅಲ್ವಾ ಮೇಡಂ. ನಾನೂ ನಾಳೆ ಒಂದು ಕೆಟ್ಟ ಫೋನ್ ತಂದು, ಇದ್ರಲ್ಲಿ ಸಾಕ್ಷಿ ಇದೆ ಅನ್ನಬಹುದು."

ಅಧಿಕಾರಿ ಎರಡ್ಸಲಳ ಕಡೆ ತಿರುಗಿದರು. "ನೀವಲ್ಲವಾ ರಿಪೇರಿ ಮಾಡಿದ್ದು? ಇನ್ನೊಂದು ಸಲ ತಪ್ಪಾದರೆ?"

"ಅಳಿಸಿಹೋಗತ್ತೆ ಮೇಡಂ. ಅಳಿಸೋದು ಅಂದ್ರೆ, ಒಳಗಿನ ಕೀಲಿ ಹೋಗತ್ತೆ. ಆಮೇಲೆ ಯಾರಿಗೂ ಆಗಲ್ಲ. ಮಾಡಿದ ಕಂಪನಿಗೂ ಆಗಲ್ಲ."

"ಹೀಗೆ ಇಟ್ಟವರು ಯಾರು?"

"ನಾನೇ." ದನಿ ಹೊರಬರಲಿಲ್ಲ ಎನಿಸಿ ಅವಳು ಮತ್ತೊಮ್ಮೆ ಹೇಳಿದಳು. "ನಾನೇ ಮೇಡಂ."

ಅಧಿಕಾರಿ ತುಂಬ ಹೊತ್ತು ಬರೆದರು. ಬರೆದು ಮುಗಿಸಿ ಹೇಳಿದ್ದು ಇಷ್ಟು: ಟೆಲಿಫೋನ್ ಕಂಪನಿಯ ಪಟ್ಟಿಯ ಪ್ರಕಾರ ಅಂದು ಬೆಳಿಗ್ಗೆ ಇಬ್ಬರೂ ನಾಲ್ಕು ನಿಮಿಷ ಮಾತಾಡಿದ್ದಾರೆ. ಏನು ಮಾತಾಡಿದರು ಎಂಬುದಕ್ಕೆ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಎದುರು. ಇಪ್ಪತ್ತೊಂದು ದಿನ ಕಾಯುತ್ತೇನೆ. ಅಷ್ಟರಲ್ಲಿ ಇದು ತೆರೆಯದಿದ್ದರೆ ಆಪರೇಟರ್ ಲೈಸೆನ್ಸ್ ರದ್ದಾಗುತ್ತದೆ, ಕಡತ ಪೊಲೀಸರಿಗೆ ಹೋಗುತ್ತದೆ. ಅಲ್ಲಿಯವರೆಗೆ ಫೋನು ಇಲ್ಲಿಯೇ ಮೊಹರಾಗಿ ಇರಲಿ, ಕೋಡ್ ನೆನಪಾದರೆ ಇಲ್ಲಿಗೇ ಬಂದು ತೆರೆಯಲಿ.

ಗುಮಾಸ್ತ ಫೋನನ್ನು ದಪ್ಪ ಲಕೋಟೆಗೆ ಹಾಕಿ ಅಂಟಿಸಿದ. ಎರಡ್ಸಲ ತನ್ನ ಪೆನ್ನು ತೆಗೆದು ಲಕೋಟೆಯ ಮೇಲೆ ದೊಡ್ಡದಾಗಿ ಬರೆದಳು: ಯಾರೂ ಕೋಡ್ ಒತ್ತಬೇಡಿ. ತಿರುಗಿಸಿ ಹಿಂಬದಿಯಲ್ಲಿಯೂ ಅದನ್ನೇ ಬರೆದಳು.

"ಒಂದ್ಸಲ ಸಾಕಲ್ವೇನಮ್ಮ" ಎಂದ ಗುಮಾಸ್ತ.

"ಮಗುಚಿ ಇಟ್ರೆ?" ಎಂದಳು ಅವಳು.

ಬಸ್ಸಿನಲ್ಲಿ ಅಣ್ಣ ಕಿಟಕಿಯ ಪಕ್ಕ ಕೂತ. ಮೂರು ರಾತ್ರಿಯಿಂದ ನಿದ್ದೆ ಕಾಣದವನು, ಎರಡನೆಯ ನಿಲ್ದಾಣ ದಾಟುವುದರೊಳಗೆ ತಲೆಯನ್ನು ಸರಳಿಗೆ ಒರಗಿಸಿ ತೂಕಡಿಸತೊಡಗಿದ. ಎರಡ್ಸಲ ಮಡಿಲಲ್ಲಿ ಖಾಲಿ ಟವೆಲ್ಲು ಇಟ್ಟುಕೊಂಡು ಕೂತಿದ್ದಳು. ಇಪ್ಪತ್ತೊಂದು ದಿನ. ಅಷ್ಟು ದಿನದಲ್ಲಿ ಅವಳು ಮಾಡಬಹುದಾದ ರಿಪೇರಿ ಯಾವುದೂ ಉಳಿದಿರಲಿಲ್ಲ. ಬೋರ್ಡು ಬದುಕಿತ್ತು, ಚಿಪ್ಪು ಬದುಕಿತ್ತು, ಇಂಜಿನಿಯರರ ಮಾತು ಒಂದು ಅಕ್ಷರವೂ ಕಳೆಯದೆ ಅಲ್ಲೇ ಇತ್ತು. ಅವಳ ಇಕ್ಕಳಕ್ಕೆ ಸಿಗದ ಜಾಗ ಒಂದೇ, ಪಕ್ಕದಲ್ಲಿ ಓಲಾಡುತ್ತಿದ್ದ ಈ ತಲೆ.

ಬಸ್ಸು ಸೇತುವೆ ಹತ್ತಿತು. ಆಗ ಅವಳಿಗೆ ಅಣ್ಣನ ಬಲಗೈ ಕಂಡಿತು. ಮಂಡಿಯ ಮೇಲೆ ಸಡಿಲವಾಗಿ ಬಿದ್ದಿದ್ದ ಕೈಯಲ್ಲಿ ಹೆಬ್ಬೆರಳು ಮಾತ್ರ ಅಲುಗಿತು. ಪ್ಯಾಂಟಿನ ಬಟ್ಟೆಯ ಮೇಲೆ ಬೇಗಬೇಗ ಎರಡು ಸಲ. ತಡೆದು, ಮೂರು.

ಅವಳ ಕತ್ತು ಅಭ್ಯಾಸದಂತೆ ಆಚೆ ಹೊರಳಿತು. ಸೇತುವೆಯ ಕಂಬಿಗಳು ಒಂದಾದ ಮೇಲೊಂದು ಹಿಂದೆ ಓಡಿದವು. ಅರೆಗಳಿಗೆ ಅಷ್ಟೆ. ಅವಳು ಹಲ್ಲು ಕಚ್ಚಿ, ಯಾರದೋ ಮನೆಯ ಬಾಗಿಲನ್ನು ತಳ್ಳಿ ಒಳಗೆ ಹೋಗುವವಳ ಹಾಗೆ ನಾಚಿಕೊಂಡು, ಮುಖವನ್ನು ಈಚೆ ತಿರುಗಿಸಿದಳು.

ಬೆರಳು ನಿಂತಿತ್ತು. ಅವಳು ಕಾದಳು. ಮತ್ತೆ ಅಲುಗಿತು: ಮೇಲೆ ಎಡಕ್ಕೆ, ಅದರ ಕೆಳಗೆ. ತಡೆಯಿತು. ನಡುವೆ—

ಬಸ್ಸು ಬ್ರೇಕು ಹಾಕಿತು. ಅಣ್ಣ ಬೆಚ್ಚಿಬಿದ್ದು ಎರಡೂ ಕೈಯಲ್ಲಿ ಎದುರಿನ ಕಂಬಿಯನ್ನು ಹಿಡಿದುಕೊಂಡ. ಅವನ ಕಣ್ಣಲ್ಲಿ ಇನ್ನೂ ಕಂತೆ ಬೀಳುತ್ತಿತ್ತು.

"ಏನಾಯ್ತೇ?"

"ಏನಿಲ್ಲ. ಸಿಗ್ನಲ್ಲು. ನೀನು ಮಲಕ್ಕೋ ಅಣ್ಣ."

"ಇಳಿಯೋ ಜಾಗ ಬಂದ್ರೆ ಎಬ್ಬಿಸ್ತೀಯಾ?"

"ಎಬ್ಬಿಸ್ತೀನಿ."

ಅವನು ಕಣ್ಣು ಮುಚ್ಚಿದ. ಅವಳು ಟಿಕೆಟ್ಟಿನ ಹಿಂಬದಿಯಲ್ಲಿ, ಫೋನಿನ ಅಂಕಿಗಳಿರುವ ಹಾಗೆಯೇ ಹತ್ತು ಚುಕ್ಕಿಗಳನ್ನಿಟ್ಟು, ತಾನು ಕಂಡ ಮೂರಕ್ಕೆ ಮಾತ್ರ ಸುತ್ತು ಹಾಕಿದಳು. ಮೂರನೆಯದು ನಿಜವಾಗಿಯೂ ನಡುವೆಯೇ ಇತ್ತೋ, ಬಸ್ಸಿನ ಕುಲುಕಿಗೆ ಜಾರಿತ್ತೋ ಅವಳಿಗೆ ಖಚಿತವಿರಲಿಲ್ಲ. ಇಳಿಯುವ ನಿಲ್ದಾಣ ಬಂತು, ಹೋಯಿತು. ಅವಳು ಎಬ್ಬಿಸಲಿಲ್ಲ. ಬಸ್ಸು ಕೊನೆಯ ನಿಲ್ದಾಣದ ಕಡೆ ತಿರುಗಿತು. ಎರಡ್ಸಲ ಪೆನ್ನು ಹಿಡಿದು, ಅಣ್ಣನ ಹೆಬ್ಬೆರಳಿನ ಮೇಲಿಟ್ಟ ಕಣ್ಣನ್ನು ತೆಗೆಯದೆ, ಅದನ್ನು ಎರಡನೆಯ ಸಲ ಕಾಣಲು ಕಾಯುತ್ತ ಕೂತಳು.